ಕಲ್ಲು, ಟೈಲ್ಸ್ ಹಾಳಾಗದಂತೆ ತೊಳೆಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

"ಅಡುಗೆಮನೆ ಕಟ್ಟೆಯ ಕಪ್ಪು ಕಲ್ಲಿನ ಮೇಲೆ ಬಿಳಿ ಕಲೆ ಬಿದ್ದಿದೆ. ನಿಂಬೆಹಣ್ಣು ಹಾಕಿ ಉಜ್ಜಿದೆ. ವಿನೆಗರ್ ಹಾಕಿದೆ. ಕೊನೆಗೆ ಬಾತ್‌ರೂಮ್ ಕ್ಲೀನರನ್ನೂ ಹಾಕಿದೆ. ಕಲೆ ಇನ್ನೂ ದೊಡ್ಡದಾಯ್ತು. ಈಗ ಏನು ಹಾಕಲಿ?"

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರ ಒಂದೇ: ಇನ್ನೇನೂ ಹಾಕಬೇಡಿ. ಅದು ಕಲೆಯೇ ಅಲ್ಲ. ಹುಳಿ ತಾಗಿ ಕಲ್ಲಿನ ಮೇಲಿನ ಪದರವೇ ಕರಗಿದೆ. ಕೊಳೆಯಾದರೆ ತೊಳೆದರೆ ಹೋಗುತ್ತದೆ. ಕರಗಿ ಹೋದ ಕಲ್ಲು ಎಷ್ಟು ತೊಳೆದರೂ ವಾಪಸ್ ಬರುವುದಿಲ್ಲ, ಪಾಲಿಶ್ ಮಾಡಿಸಬೇಕು ಅಷ್ಟೇ.

ಮನೆಯ ಕಲ್ಲು ಕೊಳೆಯಿಂದ ಕೆಡುವುದು ಕಡಿಮೆ, ನಾವು ತೊಳೆಯುವ ರೀತಿಯಿಂದ ಕೆಡುವುದೇ ಜಾಸ್ತಿ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಹಂತ ಬಿಟ್ಟು ನೇರವಾಗಿ ಉಜ್ಜುವುದಕ್ಕೆ ಕೂತರೆ ಮತ್ತೆ ಅದೇ ಕಥೆ.

## ಹಂತ 1: ನಿಮ್ಮ ಮನೆಯಲ್ಲಿರುವುದು ಯಾವ ಕಲ್ಲು?

ಅಂಗಡಿಯವರು ಹೇಳುವ ಹೆಸರುಗಳು ನೂರಾರು ಇವೆ. ತೊಳೆಯುವವರಿಗೆ ಬೇಕಾಗಿರುವುದು ಎರಡೇ ಗುಂಪು: ಹುಳಿಗೆ ಕರಗುವವು, ಹುಳಿಗೆ ಜಗ್ಗದವು.

ಮೊದಲ ಗುಂಪಿನಲ್ಲಿ ಮಾರ್ಬಲ್, ಕಡಪ ಕಲ್ಲು, ಶಹಾಬಾದ್ ಕಲ್ಲು, ಕೋಟಾ ಕಲ್ಲು ಬರುತ್ತವೆ. ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಸಾಲಾಗಿ ಇರುವುದು ಅಲ್ಲಿ ನೆಲದಡಿ ಸುಣ್ಣದ ಕಲ್ಲು ಹೇರಳವಾಗಿ ಇರುವುದರಿಂದಲೇ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ, ಮೊಸಾಯಿಕ್, ಆತ್ತಂಗುಡಿ ಟೈಲ್ಸ್ ಕಲ್ಲಲ್ಲ, ಸಿಮೆಂಟಿನವು. ಆದರೆ ಹುಳಿಯ ವಿಷಯದಲ್ಲಿ ಅವೂ ಇದೇ ಗುಂಪು.

ಎರಡನೇ ಗುಂಪಿನಲ್ಲಿ ಗ್ರಾನೈಟ್, ಸೆರಾಮಿಕ್ ಟೈಲ್ಸ್, ವಿಟ್ರಿಫೈಡ್ ಟೈಲ್ಸ್. ಇಳಕಲ್ಲಿನ ಕೆಂಪು ಗ್ರಾನೈಟ್ ಆಗಲಿ, ಚಾಮರಾಜನಗರದ ಕಪ್ಪು ಕಲ್ಲಾಗಲಿ, ಒಂದು ನಿಂಬೆಹಣ್ಣಿಗೆ ಹೆದರುವುದಿಲ್ಲ. ಆದರೆ ಇಲ್ಲೊಂದು ತೊಡಕಿದೆ. ಟೈಲ್ಸ್ ಗಟ್ಟಿಯಾದರೂ ಅವುಗಳ ನಡುವಿನ ಜಾಯಿಂಟ್ ಬಹುತೇಕ ಮನೆಗಳಲ್ಲಿ ವೈಟ್ ಸಿಮೆಂಟ್ ಅಥವಾ ಸಿಮೆಂಟ್ ಗ್ರೌಟ್. ಆಸಿಡ್ ಹಾಕಿದರೆ ಟೈಲ್ಸ್ ಮಿಂಚುತ್ತವೆ, ಜಾಯಿಂಟ್ ಒಳಗಿಂದ ಸವೆಯುತ್ತದೆ.

ಹೆಚ್ಚು ಜನ ಎಡವುವುದು ಕಪ್ಪು ಕಲ್ಲಿನಲ್ಲಿ. ಪಾಲಿಶ್ ಮಾಡಿದ ಕಡಪಕ್ಕೂ ಕಪ್ಪು ಗ್ರಾನೈಟಿಗೂ ಮೇಲ್ನೋಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೀಗೆ ಪರೀಕ್ಷಿಸಿ:

1. ಗ್ಯಾಸ್ ಸ್ಟವ್ ಅಡಿಯಲ್ಲೋ ಸಿಲಿಂಡರ್ ಹಿಂದೆಯೋ, ಯಾರಿಗೂ ಕಾಣದ ಒಂದು ಮೂಲೆ ಹುಡುಕಿ, ಒರೆಸಿ ಒಣಗಿಸಿ.
2. ಒಂದೇ ಒಂದು ಹನಿ ನಿಂಬೆರಸ ಬಿಡಿ. 5 ನಿಮಿಷ ಕಾಯಿರಿ.
3. ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣಗಿಸಿ.
4. ಮೊಬೈಲ್ ಟಾರ್ಚ್ ಹಚ್ಚಿ ಕಲ್ಲಿಗೆ ತಾಗಿಸಿದಂತೆ ಅಡ್ಡಡ್ಡಲಾಗಿ ಹಿಡಿದು ನೋಡಿ.

ಹನಿ ಇದ್ದ ಜಾಗದಲ್ಲಿ ಹೊಳಪು ಹೋಗಿ ದುಂಡಗೆ ಮಂಕಾಗಿ ಕಂಡರೆ ಅದು ಸುಣ್ಣದ ಗುಂಪಿನ ಕಲ್ಲು. ಏನೂ ಆಗಿಲ್ಲ ಎಂದರೆ ಗ್ರಾನೈಟ್ ಅಥವಾ ಟೈಲ್ಸ್. ಕಲ್ಲಿಗೆ ಪಾಲಿಶೇ ಇಲ್ಲದಿದ್ದರೆ ಮೊಳೆಯಿಂದ ಸ್ವಲ್ಪ ಕೆರೆದು, ಆ ಪುಡಿಯ ಮೇಲೆ ಹನಿ ಬಿಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಕಲ್ಲೇ. ಅನುಮಾನ ಉಳಿದರೆ ಸುಣ್ಣದ ಕಲ್ಲು ಎಂದೇ ತಿಳಿದು ಮುಂದುವರಿಯಿರಿ. ಅದರಿಂದ ನಷ್ಟವೇನೂ ಇಲ್ಲ.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ಬೇಕಾಗುವುದು ಇಷ್ಟು: ಮೆತ್ತನೆ ಪೊರಕೆ, ಎರಡು ಬಕೆಟ್, ಮೈಕ್ರೋಫೈಬರ್ ಅಥವಾ ಹಳೇ ಹತ್ತಿ ಬಟ್ಟೆ, ನೈಲಾನ್ ಬ್ರಷ್, ಒಂದು ಹಳೇ ಟೂತ್‌ಬ್ರಷ್, ಪ್ಲಾಸ್ಟಿಕ್ ಸ್ಕ್ರೇಪರ್, ರಬ್ಬರ್ ಗ್ಲೌಸ್. ಸ್ಕ್ರೇಪರ್ ಇಲ್ಲದಿದ್ದರೆ ಹಳೇ ಎಟಿಎಂ ಕಾರ್ಡ್ ಸಾಕು. ಜೊತೆಗೆ ಪಾತ್ರೆ ತೊಳೆಯುವ ಲಿಕ್ವಿಡ್, ಅಡುಗೆ ಸೋಡಾ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಹರಳು), ಮೆಡಿಕಲ್ ಸ್ಟೋರಿನ ಹೈಡ್ರೋಜನ್ ಪೆರಾಕ್ಸೈಡ್.

ಲಿಕ್ವಿಡ್ ಕೊಳ್ಳುವಾಗ ಬಾಟಲಿಯಲ್ಲಿ "ನಿಂಬೆಯ ಶಕ್ತಿ" ಎಂದಿದ್ದರೆ ಸುವಾಸನೆಯೋ ನಿಜವಾದ ಹುಳಿಯೋ ನೋಡಿ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಕಾಗದ ಸಿಗುತ್ತದೆ. ಲಿಕ್ವಿಡನ್ನು ನೀರಿನಲ್ಲಿ ಕಲಸಿ ಒಂದು ಚೂರು ಅದ್ದಿ ನೋಡಿ. 7ರ ಆಸುಪಾಸು, ಅಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಮಟ್ಟದಲ್ಲಿ ಇದ್ದರೆ ಯಾವ ಕಲ್ಲಿಗೂ ಸರಿ.

ಬೇಡವಾದದ್ದು ಸ್ಟೀಲ್ ನಾರು. ಅದು ಗೀರುವುದಷ್ಟೇ ಅಲ್ಲ, ಅದರ ಚೂರುಗಳು ಸಂದಿಯಲ್ಲಿ ಕೂತು ಕೆಲವು ದಿನಕ್ಕೆ ತುಕ್ಕಿನ ಚುಕ್ಕಿ ಬಿಡುತ್ತವೆ. ಸಬೀನಾ ತರಹದ ಪುಡಿಯೂ ಮಾರ್ಬಲ್ ಮೇಲೆ ಬೇಡ.

ಬೀದಿಯಲ್ಲಿ ಗಾಡಿಯವರು ಹಳೇ ನೀರಿನ ಬಾಟಲಿಗೆ ತುಂಬಿ ಕೊಡುವ ಆಸಿಡ್, ಫಿನಾಯಿಲ್ ಮನೆಗೇ ತರಬೇಡಿ. ಒಳಗೆ ಏನಿದೆ, ಎಷ್ಟು ಗಾಢವಾಗಿದೆ ಎಂದು ಯಾವ ಚೀಟಿಯೂ ಹೇಳುವುದಿಲ್ಲ. ಮಕ್ಕಳು ನೀರೆಂದುಕೊಂಡು ಬಾಯಿಗಿಟ್ಟರೆ ಮುಗಿಯಿತು. ಇನ್ನೂ ಒಂದು ವಿಷಯ: ಸಿಂಕ್ ಕೆಳಗಿಟ್ಟ ಆಸಿಡ್ ಬಾಟಲಿಯ ಮುಚ್ಚಳ ಹಾಕಿದ್ದರೂ ಸ್ವಲ್ಪ ಹೊಗೆ ಹೊರಗೆ ಬರುತ್ತಿರುತ್ತದೆ. ಅಕ್ಕಪಕ್ಕದ ಸ್ಟೀಲ್ ಪೈಪು, ನಲ್ಲಿ, ಕೀಲುಗಳ ಮೇಲೆ ಕಂದು ಚುಕ್ಕಿ ಬರುವುದು ಅದರಿಂದಲೇ.

## ಹಂತ 3: ಮೊದಲು ಒಣ ಕಸ, ಆಮೇಲೆ ನೀರು

ಇದನ್ನು ಎಲ್ಲರೂ ಬಲ್ಲರು, ಆದರೂ ಅವಸರದಲ್ಲಿ ಬಿಡುತ್ತಾರೆ. ಮರಳಿನ ಕಣ ಕಲ್ಲಿಗೆ ಉಪ್ಪುಕಾಗದ ಇದ್ದಂತೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಮಾರ್ಬಲ್ 3ರ ಹತ್ತಿರ, ಮರಳು 7. ಗುಡಿಸದೆ ಮಾಪ್ ಎಳೆದರೆ ಮಾರ್ಬಲನ್ನು ನೀವೇ ಕೈಯಾರೆ ತೇಯುತ್ತಿದ್ದೀರಿ ಎಂದರ್ಥ. ಬಾಗಿಲಿನಿಂದ ಒಳಗೆ ನಡೆದಾಡುವ ದಾರಿ ಮಾತ್ರ ಮಂಕಾಗಿ, ಸೋಫಾ ಅಡಿಯ ನೆಲ ಹೊಸದಿದ್ದಂತೆ ಹೊಳೆಯುತ್ತಿದ್ದರೆ ಕಾರಣ ಇದೇ. ಹೊರಬಾಗಿಲಿಗೆ ಒಂದು ದಪ್ಪ ಮ್ಯಾಟ್ ಹಾಕಿ. ಯಾವ ದುಬಾರಿ ಕ್ಲೀನರಿಗಿಂತಲೂ ಅದರ ಉಪಯೋಗ ಜಾಸ್ತಿ.

ರಂಗೋಲಿ ಪುಡಿ ಚೆಲ್ಲಿದ್ದರೂ ಅಷ್ಟೇ. ಅದು ಕಲ್ಲಿನ ಪುಡಿ. ಒದ್ದೆ ಬಟ್ಟೆ ಹಾಕಿ ತಿಕ್ಕದೆ ಗುಡಿಸಿ ತೆಗೆಯಿರಿ. ಕುಂಕುಮ ಚೆಲ್ಲಿದರೆ ಇನ್ನೂ ಹುಷಾರು. ನೀರು ತಾಗಿದ ಕ್ಷಣ ಬಣ್ಣ ಬಿಟ್ಟು ಕಲ್ಲಿನೊಳಕ್ಕೆ ಇಳಿಯುತ್ತದೆ. ಒಂದು ಗಟ್ಟಿ ಕಾಗದವನ್ನು ನೆಲಕ್ಕೆ ತಾಗಿಸಿ ಪುಡಿಯನ್ನು ಎತ್ತಿಕೊಳ್ಳಿ. ಉಳಿದದ್ದನ್ನು ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಒಣ ಬಟ್ಟೆಗೆ ಬಣ್ಣ ಅಂಟುವುದು ನಿಂತ ಮೇಲಷ್ಟೇ ನೀರು.

## ಹಂತ 4: ನೆಲ ಒರೆಸುವ ಸರಿಯಾದ ಕ್ರಮ

ಇದು ಎಲ್ಲ ಬಗೆಯ ನೆಲಕ್ಕೂ ನಡೆಯುತ್ತದೆ. ಅರ್ಧ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛವಾಗುವುದಿಲ್ಲ. ಸೋಪಿನ ಪದರ ಉಳಿದು, ಅದಕ್ಕೆ ಧೂಳು ಅಂಟಿ, ಮರುದಿನವೇ ನೆಲ ಮಂಕಾಗುತ್ತದೆ.

ಎರಡನೇ ಬಕೆಟ್ಟಿನಲ್ಲಿ ಬರೀ ನೀರು. ಬಟ್ಟೆ ಮೊದಲು ಬರೀ ನೀರಿನಲ್ಲಿ ಜಾಲಿಸಿ ಹಿಂಡಿ, ಆಮೇಲೆ ಸೋಪಿನ ನೀರಿಗೆ ಅದ್ದಿ. ಒಂದೇ ಬಕೆಟ್ಟಿನಲ್ಲಿ ಮಾಡಿದರೆ ಹಾಲ್‌ನ ಕೊಳೆಯನ್ನು ರೂಮಿಗೆ ಹಂಚಿದ ಹಾಗೆ ಆಗುತ್ತದೆ, ಅಲ್ವಾ? ಬಟ್ಟೆ ಒದ್ದೆಯಿರಬೇಕು, ನೀರು ತೊಟ್ಟಿಕ್ಕಬಾರದು. ಒಳಗಿನ ಮೂಲೆಯಿಂದ ಶುರುಮಾಡಿ ಬಾಗಿಲ ಕಡೆ ಬನ್ನಿ. ಕೊನೆಗೆ ಬರೀ ನೀರಿನಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ.

ಈ ಒಣ ಬಟ್ಟೆಯ ಸುತ್ತನ್ನು ಬಿಡಬೇಡಿ. ಬೋರ್‌ವೆಲ್ ನೀರು ತಾನಾಗಿ ಒಣಗಿದರೆ ನೀರು ಹೋಗಿ ಅದರಲ್ಲಿನ ಸುಣ್ಣ ನೆಲದ ಮೇಲೆ ಉಳಿಯುತ್ತದೆ. ಕಪ್ಪು ಕಲ್ಲಿನ ಮೇಲಂತೂ ಎದ್ದು ಕಾಣುತ್ತದೆ. "ಎಷ್ಟು ಒರೆಸಿದರೂ ಬಿಳಿ ಪಟ್ಟೆ" ಎನ್ನುವವರ ಮನೆಯಲ್ಲಿ ಬಹುತೇಕ ನಡೆಯುತ್ತಿರುವುದು ಇದೇ.

ರೆಡ್ ಆಕ್ಸೈಡ್ ನೆಲಕ್ಕೆ ಸೋಡಾ, ಬ್ಲೀಚ್ ಯಾವುದೂ ಬೇಡ. ಒರೆಸಿದ ಬಟ್ಟೆಯಲ್ಲಿ ಕೆಂಪು ಬಣ್ಣ ಬರುತ್ತಿದ್ದರೆ ಮೇಲಿನ ವ್ಯಾಕ್ಸ್ ಹೋಗಿದೆ ಎಂದರ್ಥ. ನೆಲ ಪೂರ್ತಿ ಒಣಗಿದ ಮೇಲೆ ಮತ್ತೆ ತೆಳ್ಳಗೆ ವ್ಯಾಕ್ಸ್ ಪಾಲಿಶ್ ಹಚ್ಚಿ. ಕಪ್ಪು ಗ್ರಾನೈಟ್ ಒರೆಸುವಾಗ ಬಟ್ಟೆ ಕಪ್ಪಾದರೆ ಅದು ಬಣ್ಣ ಹಾಕಿ ಮಾರಿದ ಕಲ್ಲಿರಬಹುದು. ಅಂಥ ಕಲ್ಲಿಗೆ ಅಸಿಟೋನ್, ಥಿನ್ನರ್ ತಾಗಿಸಬೇಡಿ.

## ಬೆರೆಸಬಾರದ ಜೋಡಿಗಳು

ಬಾತ್‌ರೂಮಿಗೆ ಹೋಗುವ ಮೊದಲು ಇದನ್ನು ಓದಿ.

ಬ್ಲೀಚಿಂಗ್ ಪೌಡರ್ ಅಥವಾ ಲಿಕ್ವಿಡ್ ಬ್ಲೀಚ್ ಜೊತೆ ಯಾವುದೇ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಹೊರಡುತ್ತದೆ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬಹಳಷ್ಟು ಹೈಡ್ರೋಕ್ಲೋರಿಕ್ ಆಮ್ಲದವು. "ಎರಡೂ ಹಾಕಿದರೆ ಡಬಲ್ ಕ್ಲೀನ್" ಎಂದು ಮುಚ್ಚಿದ ಬಾತ್‌ರೂಮಿನಲ್ಲಿ ಇವನ್ನು ಸೇರಿಸಿದರೆ ಪ್ರಾಣಕ್ಕೇ ಅಪಾಯ. ಬ್ಲೀಚ್ ಜೊತೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕೂಡ ಸೇರಬಾರದು. ಕಣ್ಣು ಉರಿ, ಗಂಟಲು ಹಿಡಿದಂತೆ, ಕೆಮ್ಮು ಶುರುವಾದರೆ ತೊಳೆಯುವ ಕೆಲಸ ಅಲ್ಲೇ ಬಿಟ್ಟು ಹೊರಗೆ ಬನ್ನಿ, ಗಾಳಿ ಇರುವಲ್ಲಿ ನಿಲ್ಲಿ. ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆ.

ಅಡುಗೆ ಸೋಡಾ ಮತ್ತು ವಿನೆಗರ್ ಜೋಡಿಯಿಂದ ಅಪಾಯವಿಲ್ಲ, ಪ್ರಯೋಜನವೂ ಇಲ್ಲ. ವಿಡಿಯೋದಲ್ಲಿ ಬುಸುಬುಸು ನೊರೆ ಬರುವುದು ನೋಡಲು ಚೆನ್ನಾಗಿರುತ್ತದೆ. ಆದರೆ ಒಂದರ ಗುಣವನ್ನು ಇನ್ನೊಂದು ಅಳಿಸಿ, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪು ನೀರು.

## ಹಂತ 5: ಬಾತ್‌ರೂಮ್ ಟೈಲ್ಸ್ ಮೇಲಿನ ಬಿಳಿ ಉಪ್ಪು

ಈ ಹಂತ ಸೆರಾಮಿಕ್, ವಿಟ್ರಿಫೈಡ್ ಟೈಲ್ಸಿಗೆ ಮಾತ್ರ. ಬಾತ್‌ರೂಮಿನಲ್ಲಿ ಮಾರ್ಬಲ್ ಅಥವಾ ಕಡಪ ಇದ್ದರೆ ಇದನ್ನು ಓದದೆ ಮುಂದೆ ಹೋಗಿ. ಅಲ್ಲಿ ಸೋಪಿನ ನೀರು, ಪ್ಲಾಸ್ಟಿಕ್ ಸ್ಕ್ರೇಪರ್, ತಾಳ್ಮೆ ಇಷ್ಟೇ ದಾರಿ.

ಗೋಡೆಯ ಮೇಲೆ, ನಲ್ಲಿಯ ಸುತ್ತ ಕಟ್ಟುವ ಬಿಳಿ ಪದರ ಬೋರ್ ನೀರಿನ ಸುಣ್ಣ. ಇದಕ್ಕೆ ಹುಳಿಯೇ ಮದ್ದು, ಆದರೆ ಆಸಿಡ್ ಬೇಕಿಲ್ಲ, ನಿಂಬೆ ಉಪ್ಪು ಸಾಕು.

1. ಕಿಟಕಿ ತೆಗೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ.
2. ಗೋಡೆಗೆ, ಜಾಯಿಂಟಿಗೆ ಮೊದಲು ಧಾರಾಳವಾಗಿ ಬರೀ ನೀರು ಹಾಕಿ. ಜಾಯಿಂಟ್ ನೀರು ಕುಡಿದು ತುಂಬಿಕೊಂಡರೆ ಹುಳಿ ಒಳಗಿಳಿಯುವುದು ಕಡಿಮೆ.
3. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು ಕರಗಿಸಿ.
4. ಗೋಡೆಯಲ್ಲಿ ನೀರು ನಿಲ್ಲುವುದಿಲ್ಲ. ಆದ್ದರಿಂದ ಟಿಶ್ಯೂ ಅಥವಾ ತೆಳು ಬಟ್ಟೆಯನ್ನು ಈ ನೀರಿನಲ್ಲಿ ಅದ್ದಿ ಉಪ್ಪು ಕಟ್ಟಿದಲ್ಲಿ ಅಂಟಿಸಿ. ಜಾಯಿಂಟ್ ತಪ್ಪಿಸಿ ಟೈಲ್ಸ್ ಮೇಲಷ್ಟೇ.
5. 10 ನಿಮಿಷ ಬಿಡಿ. ಒಣಗಲು ಬಿಡಬೇಡಿ.
6. ನೈಲಾನ್ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ.
7. ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಜಾಯಿಂಟುಗಳ ಮೇಲೆ ಸುರಿಯಿರಿ. ಉಳಿದ ಹುಳಿ ಅಲ್ಲಿಗೆ ನಿಲ್ಲುತ್ತದೆ. ಮತ್ತೆ ನೀರು, ಆಮೇಲೆ ವೈಪರ್.

ದಪ್ಪ ಪದರ ಒಂದೇ ಸಲಕ್ಕೆ ಹೋಗುವುದಿಲ್ಲ. ಹುಳಿ ಜಾಸ್ತಿ ಮಾಡಬೇಡಿ, ಇದನ್ನೇ ಎರಡು ಮೂರು ಸಲ ಮಾಡಿ. ನೆಲದ ಜಾಯಿಂಟಿನಿಂದ ಗುಳ್ಳೆ ಏಳುತ್ತಿದ್ದರೆ ಹುಳಿ ಸಿಮೆಂಟ್ ತಿನ್ನುತ್ತಿದೆ, ತಕ್ಷಣ ನೀರು ಸುರಿಯಿರಿ. ಹಿತ್ತಾಳೆಗೆ ಕ್ರೋಮ್ ಲೇಪಿಸಿದ ನಲ್ಲಿಯ ಮೇಲೆ 10 ನಿಮಿಷವೂ ಬೇಡ, ಒರೆಸಿ ತೊಳೆದುಬಿಡಿ.

## ಹಂತ 6: ಕಪ್ಪಾದ ಜಾಯಿಂಟ್

ಜಾಯಿಂಟ್ ಕಪ್ಪಾಗುವುದು ಎರಡು ಕಾರಣಕ್ಕೆ. ಕೊಳೆ, ಇಲ್ಲವೇ ಬೂಸ್ಟು. ಮೊದಲು ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಟೂತ್‌ಬ್ರಷ್ಷಿನಿಂದ ಉಜ್ಜಿ. ಕೊಳೆ ಆಗಿದ್ದರೆ ಇಷ್ಟಕ್ಕೇ ಹೋಗುತ್ತದೆ. ಬೂಸ್ಟಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ 15 ನಿಮಿಷ ಬಿಟ್ಟು ಉಜ್ಜಿ. ಅದಕ್ಕೂ ಬಗ್ಗದಿದ್ದರೆ ನೀರು ಬೆರೆಸಿದ ಬ್ಲೀಚ್, ಆದರೆ ನಿಂಬೆ ಉಪ್ಪು ಹಾಕಿದ ದಿನ ಬೇಡ, ಬೇರೆ ದಿನ.

ಉಜ್ಜುವಾಗ ಬ್ರಷ್ಷಿಗೆ ಬಿಳಿ ಪುಡಿ ಬಂದರೆ, ಜಾಯಿಂಟ್ ಟೈಲ್ಸಿಗಿಂತ ಗುಂಡಿಯಾಗಿ ಇಳಿದಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ತೊಳೆಯುವ ಹಂತ ದಾಟಿದೆ, ಹೊಸ ಗ್ರೌಟ್ ತುಂಬಿಸಬೇಕು. ಹಾಗೇ ಬಿಟ್ಟರೆ ನೀರು ಕೆಳಗಿಳಿದು ಟೈಲ್ಸ್ ಟೊಳ್ಳಾಗುತ್ತವೆ, ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗುತ್ತದೆ. ಬಾತ್‌ರೂಮಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ. ಖರ್ಚು ಜಾಸ್ತಿ, ಆದರೆ ನೀರು ಕುಡಿಯುವುದಿಲ್ಲ, ಹುಳಿಗೂ ಬೇಗ ಜಗ್ಗುವುದಿಲ್ಲ.

## ಹಂತ 7: ಕಲ್ಲಿನೊಳಗೆ ಇಳಿದ ಕಲೆ ತೆಗೆಯುವುದು

ಎಣ್ಣೆ, ಅರಿಶಿನ, ಕಾಫಿ ಮೇಲೆ ಕೂರುವುದಿಲ್ಲ, ಒಳಗಿಳಿಯುತ್ತವೆ. ಮೇಲೆ ಉಜ್ಜಿದರೆ ಕಲ್ಲು ಸವೆಯುತ್ತದೆ, ಕಲೆ ಅಲ್ಲೇ ಇರುತ್ತದೆ. ಒಳಗಿಳಿದದ್ದನ್ನು ಹೊರಗೆ ಹೀರಬೇಕು. ಅದಕ್ಕೆ ಲೇಪ ಹಾಕಬೇಕು.

ಎಣ್ಣೆ ಕಲೆ ಕಲ್ಲನ್ನು ಗಾಢ ಮಾಡುತ್ತದೆ, ಒಣಗಿದರೂ ಒದ್ದೆಯಂತೆ ಕಾಣುತ್ತದೆ. ದೇವರ ಮನೆಯ ದೀಪದ ಕೆಳಗೆ, ಒಗ್ಗರಣೆ ಹಾಕುವ ಸ್ಟವ್ ಪಕ್ಕ ನೋಡಿ. ಇದಕ್ಕೆ ಅಡುಗೆ ಸೋಡಾ ಮತ್ತು ನೀರಿನ ಲೇಪ. ಅರಿಶಿನ, ಕಾಫಿ, ಟೀ, ಕುಂಕುಮಕ್ಕೆ ಮೈದಾ ಅಥವಾ ಸೀಮೆಸುಣ್ಣದ ಪುಡಿಯನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕಲಸಿದ ಲೇಪ. ಮೆಡಿಕಲ್ ಸ್ಟೋರಿನಲ್ಲಿ "20 ವಾಲ್ಯೂಮ್" ಎಂದು ಸಿಗುವುದು ಸುಮಾರು 6% ಗಾಢತೆಯದು, ಅಷ್ಟು ಸಾಕು. ಇದು ಬಣ್ಣ ತೆಗೆಯುವ ವಸ್ತು, ಹಾಗಾಗಿ ಕಪ್ಪು ಕಲ್ಲಾದರೆ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ.

ಅರಿಶಿನದ ಕಲೆಗೆ ಸೋಡಾ ಹಾಕಿದರೆ ಕೆಂಪಗಾಗುತ್ತದೆ. ಗಾಬರಿ ಬೇಡ, ಓಕುಳಿಗೆ ಸುಣ್ಣ ಹಾಕಿದಾಗ ಆಗುವುದೂ ಅದೇ. ಬಿಸಿಲು ಬೀಳುವ ಜಾಗವಾದರೆ ಅರಿಶಿನ ಕೆಲವು ದಿನದಲ್ಲಿ ತಾನಾಗಿ ಮಾಸುತ್ತದೆ.

1. ಜಾಗವನ್ನು ಸೋಪಿನ ನೀರಿನಲ್ಲಿ ಒರೆಸಿ, ಬರೀ ನೀರಿನಿಂದ ಸ್ವಲ್ಪ ಒದ್ದೆ ಮಾಡಿ.
2. ಲೇಪವನ್ನು ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಗಿಂತ ಒಂದು ಬೆರಳು ಆಚೆಗೂ ಬರುವಂತೆ, ಅರ್ಧ ಬೆರಳು ದಪ್ಪಕ್ಕೆ ಹಚ್ಚಿ.
3. ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ. 24 ಗಂಟೆ ಬಿಡಿ.
4. ಪ್ಲಾಸ್ಟಿಕ್ ತೆಗೆದು ಲೇಪವನ್ನು ಪೂರ್ತಿ ಒಣಗಲು ಬಿಡಿ. ಕಲೆ ಮೇಲಕ್ಕೆ ಬರುವುದು ಈ ಒಣಗುವ ಹೊತ್ತಿನಲ್ಲಿ. ಅವಸರ ಮಾಡಿ ಒದ್ದೆಯಲ್ಲೇ ತೆಗೆದರೆ ಇಡೀ ದಿನದ ಕೆಲಸ ನೀರುಪಾಲು.
5. ಒಣಗಿ ಬಿರುಕು ಬಿಟ್ಟ ಲೇಪವನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಎತ್ತಿ, ತೊಳೆದು, ಒರೆಸಿ.

ಹಳೇ ಎಣ್ಣೆ ಕಲೆಗೆ ಮೂರು ನಾಲ್ಕು ಸಲ ಬೇಕಾಗಬಹುದು. ಪ್ರತಿ ಸಲವೂ ಸ್ವಲ್ಪ ತಿಳಿಯಾಗುತ್ತಿದ್ದರೆ ಸರಿ ದಾರಿಯಲ್ಲಿದ್ದೀರಿ.

ಸಿಲಿಂಡರ್ ಅಡಿಯ ತುಕ್ಕಿನ ಉಂಗುರ ಟೈಲ್ಸ್ ಮೇಲಿದ್ದರೆ ನಿಂಬೆ ಉಪ್ಪಿಗೆ ಹೋಗುತ್ತದೆ. ಮಾರ್ಬಲ್ ಮೇಲಿದ್ದರೆ ನೀವಾಗಿ ಏನೂ ಮಾಡಬೇಡಿ. ಅಂಗಡಿಯ ಕೆಲವು ತುಕ್ಕು ತೆಗೆಯುವ ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಗ್ರಾನೈಟನ್ನೂ ತಿನ್ನುತ್ತದೆ, ಚರ್ಮದೊಳಗಿಳಿದರೆ ಬಹಳ ಅಪಾಯಕಾರಿ. ಬಾಟಲಿಯಲ್ಲಿ ಆ ಹೆಸರು ಕಂಡರೆ ವಾಪಸ್ ಇಡಿ.

## ಹೊಸ ಮನೆ: ಗೃಹಪ್ರವೇಶದ ಹಿಂದಿನ ದಿನದ "ಆಸಿಡ್ ವಾಶ್"

ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ. ಕೆಲಸದವರು ಹೋಗುವ ಮುಂಚೆ ಸಿಮೆಂಟ್ ಕಲೆ, ಪೇಂಟ್ ಹನಿ ಹೋಗಲಿ ಎಂದು ಮನೆಯಿಡೀ ಆಸಿಡ್ ಹೊಯ್ದು ಗುಡಿಸುತ್ತಾರೆ. ಅವತ್ತು ನೆಲ ಫಳಫಳ. ಆರು ತಿಂಗಳಿಗೆ ಜಾಯಿಂಟ್ ಉದುರಲು ಶುರು, ಮಾರ್ಬಲ್ ಮೆಟ್ಟಿಲು ಶಾಶ್ವತವಾಗಿ ಮಂಕು. ಕಂಟ್ರಾಕ್ಟರ್ ಹತ್ತಿರ ಮೊದಲೇ ಖಡಾಖಂಡಿತವಾಗಿ ಹೇಳಿಡಿ: ಆಸಿಡ್ ಬೇಡ.

ಪೇಂಟ್ ಹನಿಯನ್ನು ನೀರು ಹಾಕಿ ನೆನೆಸಿ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಎತ್ತಿ. ಕಬ್ಬಿಣದ ಪಟ್ಟಿ ಒತ್ತಿದರೆ ಮ್ಯಾಟ್ ಟೈಲ್ಸ್ ಮೇಲೆ ಪೆನ್ಸಿಲ್ ಗೀರಿನಂಥ ಬೂದು ಗೆರೆ ಉಳಿಯುತ್ತದೆ. ಟೈಲ್ಸ್ ಮೇಲಿನ ಸಿಮೆಂಟ್ ಮಸುಕಿಗೆ ಸಲ್ಫಾಮಿಕ್ ಆಮ್ಲದ ಕ್ಲೀನರ್ ಸಿಗುತ್ತದೆ. ಗ್ರೌಟ್ ಚೆನ್ನಾಗಿ ಗಟ್ಟಿಯಾದ ಮೇಲೆ, ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ, ಹಂತ 5ರ ಕ್ರಮದಲ್ಲೇ ಬಳಸಿ. ಯಾವುದೇ ಆಸಿಡ್ ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಿದರೆ ಕುದ್ದು ಮುಖಕ್ಕೆ ಎರಚುತ್ತದೆ. ಮಾರ್ಬಲ್, ಕಡಪದ ಹತ್ತಿರ ಇದನ್ನೂ ತರಬೇಡಿ.

## ಹಂತ 8: ಸೀಲರ್ ಬೇಕೇ?

ಸೀಲರ್ ಎಂದರೆ ಕಲೆ ಒಳಗಿಳಿಯದಂತೆ ಕಲ್ಲಿಗೆ ಹಚ್ಚುವ ದ್ರವ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು 10 ನಿಮಿಷ ನೋಡಿ. ನೀರು ಹಾಗೇ ಮುತ್ತಿನಂತೆ ಕೂತಿದ್ದರೆ ಬೇಡ. ಕಲ್ಲು ಕಪ್ಪಾಗಿ ಹೀರಿಕೊಂಡಿದ್ದರೆ ಒಳಗಿಳಿಯುವ ಬಗೆಯ ಸೀಲರ್ ಹಚ್ಚಿಸಬಹುದು. ಸೀಲರ್ ಎಣ್ಣೆ, ಅರಿಶಿನ ಒಳಗಿಳಿಯುವುದನ್ನು ತಡವಾಗಿಸುತ್ತದೆ ಅಷ್ಟೇ. ನಿಂಬೆರಸ ಬಿದ್ದರೆ ಸೀಲರ್ ಹಾಕಿದ ಮಾರ್ಬಲೂ ಮಂಕಾಗುತ್ತದೆ. ಇದನ್ನು ಮಾರುವವರು ಹೇಳುವುದಿಲ್ಲ.

ಕಡಪಕ್ಕೆ ಕೊಬ್ಬರಿ ಎಣ್ಣೆ ಸವರುವ ರೂಢಿ ಇದೆ. ಕಪ್ಪು ಬಣ್ಣ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಧೂಳು ಕೂತು ಜಿಡ್ಡಾಗುತ್ತದೆ. ಹುಳಿ ಬಿದ್ದ ಬಿಳಿ ಗುರುತನ್ನು ಎಣ್ಣೆ ಮುಚ್ಚುತ್ತದೆ, ಸರಿಮಾಡುವುದಿಲ್ಲ. ಹಬ್ಬಕ್ಕೆ ಒಮ್ಮೆ ತೆಳ್ಳಗೆ ಸವರಿ ಒರೆಸಿದರೆ ತೊಂದರೆಯಿಲ್ಲ.

## ಪಾಲಿಶ್‌ನವರನ್ನು ಕರೆಯುವ ಹೊತ್ತು

ಟಾರ್ಚ್ ಅಡ್ಡ ಹಿಡಿದಾಗ ಹೊಳಪು ಹೋದ ಗುರುತು ಕಂಡರೆ, ಬೆರಳಿಗೆ ಒರಟು ತಾಗಿದರೆ, ನೆಲದ ಮೇಲೆ ಒರೆಸಿದಷ್ಟೂ ಬಿಳಿ ಪುಡಿ ಮೇಲೇಳುತ್ತಿದ್ದರೆ ತೊಳೆಯುವುದರಿಂದ ಆಗುವುದಿಲ್ಲ. ಬಿಳಿ ಪುಡಿ ಏಳುತ್ತಿದ್ದರೆ ಕೆಳಗಿನಿಂದ ತೇವ ಬರುತ್ತಿದೆ. ಮೊದಲು ಪೈಪ್ ಸೋರಿಕೆ, ಗೋಡೆಯ ತೇವ ನೋಡಿಸಿ, ಪಾಲಿಶ್ ಆಮೇಲೆ.

ಮಾರ್ಬಲ್ ಪಾಲಿಶ್‌ನವರು ಡೈಮಂಡ್ ಪ್ಯಾಡ್ ಹಾಕಿ, ಒರಟಿನಿಂದ ನುಣುಪಿಗೆ ಹಂತ ಹಂತವಾಗಿ ತೇಯುತ್ತಾರೆ. ಕೊನೆಗೆ ಆಕ್ಸಾಲಿಕ್ ಪುಡಿ ಬಳಸುವವರೂ ಇದ್ದಾರೆ. ಅದು ವಿಷ, ನೀವಾಗಿ ತಂದು ಪ್ರಯೋಗ ಮಾಡಬೇಡಿ. ಅವರ ಜೊತೆ ಮಾತಾಡುವಾಗ ಮೂರು ವಿಷಯ ಕೇಳಿಕೊಳ್ಳಿ: ಯಾವ ನಂಬರಿನ ಪ್ಯಾಡಿನಿಂದ ಯಾವ ನಂಬರಿನವರೆಗೆ ತೇಯುತ್ತೀರಿ, ಮೂಲೆ ಮತ್ತು ಸ್ಕರ್ಟಿಂಗ್ ಕೈಯಲ್ಲಿ ಮಾಡುತ್ತೀರಾ, ಕೆಸರು ನೀರನ್ನು ಎಲ್ಲಿಗೆ ಬಿಡುತ್ತೀರಿ? ಆ ಕೆಸರು ಬಾತ್‌ರೂಮಿನ ಜಾಲರಿಗೆ ಹೋದರೆ ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಮಂಚದ ಅಡಿಯ ಒಂದು ಕಲ್ಲನ್ನು ಮೊದಲು ಪಾಲಿಶ್ ಮಾಡಿ ತೋರಿಸಲು ಹೇಳಿ. ಅದು ಒಣಗಿದ ಮೇಲೆ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.